ಬಾಹ್ಯಾಕಾಶ ಎಂಜಿನಿಯರಿಂಗ್: ಸೀಟು ಹಿಡಿಯುವ ಮುನ್ನ

ಚಂದ್ರಯಾನ–3ರ ಲ್ಯಾಂಡರ್ ಚಂದ್ರನ ಮೇಲಿಳಿದದ್ದು 2023ರ ಆಗಸ್ಟ್ 23ರ ಸಂಜೆ. ಅಂದಿನಿಂದ ಸಿಇಟಿ ಆಪ್ಷನ್ ಎಂಟ್ರಿಗೆ ಕೂತ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಮಗ ಇಸ್ರೋ ಸೇರಬೇಕಂತೆ, ಅದಕ್ಕೇ ಏರೋಸ್ಪೇಸ್ ಹಾಕಿಸ್ತಾ ಇದ್ದೀವಿ.’ ಆಸೆ ಒಳ್ಳೆಯದೇ. ಆದರೆ ‘ಅದಕ್ಕೇ’ ಎಂಬ ಪದದಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ.

ಅಂದು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಪದವಿಯಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಏರೋಸ್ಪೇಸ್ ಓದಿದ್ದು ಆಮೇಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಅವರದ್ದೂ ಮೆಕ್ಯಾನಿಕಲ್. ಹಿಂದೆ ಇಸ್ರೋ ಅಧ್ಯಕ್ಷರಾಗಿದ್ದ ಉಡುಪಿಯ ಅದಮಾರಿನ ಯು.ಆರ್. ರಾವ್, ಹಾಸನದ ಎ.ಎಸ್. ಕಿರಣ್ ಕುಮಾರ್ ಇಬ್ಬರೂ ಭೌತವಿಜ್ಞಾನದಿಂದ ಬಂದವರು. ಏರೋನಾಟಿಕಲ್ ಪದವಿಯಿಂದಲೇ ಮೇಲೆ ಬಂದ ಇನ್ನೊಬ್ಬ ಮಾಜಿ ಅಧ್ಯಕ್ಷ ಕೆ. ಶಿವನ್ ಅವರೂ ಇದ್ದಾರೆ. ದಾರಿ ಒಂದೇ ಅಲ್ಲ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಕಾಲೇಜು ಹುಡುಕುವುದಕ್ಕೂ ಮುಂಚೆ, ಇಸ್ರೋದ ಹಳೆಯ ನೇಮಕಾತಿ ಅಧಿಸೂಚನೆಗಳನ್ನು ತೆರೆದು ಓದುವುದು. ‘ಸೈಂಟಿಸ್ಟ್/ಎಂಜಿನಿಯರ್ ಎಸ್‌ಸಿ’ ಎಂಬುದು ಬಿ.ಇ. ಮುಗಿಸಿದವರು ಸೇರುವ ಹುದ್ದೆ. ಇಸ್ರೋದ ಕೇಂದ್ರೀಯ ನೇಮಕಾತಿ ಮಂಡಳಿ ಈ ಹುದ್ದೆಗೆ ಹೆಚ್ಚಾಗಿ ಕರೆಯುವುದು ಮೂರು ವಿಭಾಗದವರನ್ನು: ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್. ವಿದ್ಯಾರ್ಹತೆಯ ಕಾಲಂನಲ್ಲಿ ‘ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಥವಾ ತತ್ಸಮಾನ’ ಎಂದಿರುತ್ತದೆ. ಜೊತೆಗೆ ಶೇ 65 ಅಂಕ ಅಥವಾ 10ಕ್ಕೆ 6.84 ಸಿಜಿಪಿಎ. ನಾಲ್ಕು ವರ್ಷ ಏರೋಸ್ಪೇಸ್ ಓದಿ ಮುಗಿಸಿದ ಹುಡುಗಿ ಅರ್ಜಿ ತುಂಬಲು ಕೂರುತ್ತಾಳೆ. ಬ್ರಾಂಚ್ ಆರಿಸುವ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿದರೂ ತನ್ನ ಬ್ರಾಂಚಿನ ಹೆಸರಿಲ್ಲ. ‘ತತ್ಸಮಾನ’ದಲ್ಲಿ ತಾನು ಬರುತ್ತೇನೋ ಇಲ್ಲವೋ ಎಂದು ಕೊನೆಯ ದಿನಾಂಕದವರೆಗೂ ಅವರಿವರನ್ನು ಕೇಳುತ್ತಾಳೆ. ಈ ಸಂಕಟವನ್ನು ಪಿಯುಸಿ ಮುಗಿದ ವಾರದಲ್ಲೇ, ಅರ್ಧ ಗಂಟೆಯ ಓದಿನಿಂದ ತಪ್ಪಿಸಬಹುದಿತ್ತು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದಂಥವು ಪ್ರತ್ಯೇಕವಾಗಿ ಕರೆದಾಗ ಏರೋಸ್ಪೇಸ್‌ನವರಿಗೂ ಅವಕಾಶ ಇರುವುದುಂಟು. ಆದರೆ ಅಲ್ಲಿ ಎಂ.ಟೆಕ್. ಕೇಳುವುದೂ ಉಂಟು. ಡಿಆರ್‌ಡಿಒ ಮಾತ್ರ ಏರೋನಾಟಿಕಲ್‌ಗೆಂದೇ ಹುದ್ದೆ ಇಡುತ್ತದೆ.

ಇಷ್ಟು ತಿಳಿದ ಮೇಲೂ ಏರೋಸ್ಪೇಸೇ ಬೇಕು ಎನ್ನುವವರಿಗೆ ಮೊದಲು ಹೇಳಬೇಕಾದ ಹೆಸರು ಐಐಎಸ್‌ಟಿ. 2007ರಲ್ಲಿ ಶುರುವಾದ, ಬಾಹ್ಯಾಕಾಶ ಇಲಾಖೆಯದೇ ಆದ ಈ ಸಂಸ್ಥೆ ತಿರುವನಂತಪುರದ ವಲಿಯಮಲದಲ್ಲಿದೆ. ಏರೋಸ್ಪೇಸ್, ಏವಿಯಾನಿಕ್ಸ್ ಒಳಗೊಂಡ ಎಲೆಕ್ಟ್ರಾನಿಕ್ಸ್, ಎಂಜಿನಿಯರಿಂಗ್ ಫಿಸಿಕ್ಸಿನ ದ್ವಿಪದವಿ ಇಲ್ಲಿವೆ. ಪ್ರವೇಶ ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕಿನ ಮೇಲೆ. ಆದರೆ ಐಐಟಿ ಸೀಟು ಹಂಚುವ ಜೋಸಾದಲ್ಲಿ ಐಐಎಸ್‌ಟಿ ಸೇರಿಲ್ಲ. ಅದರದೇ ಜಾಲತಾಣದಲ್ಲಿ ಬೇರೆಯಾಗಿ ನೋಂದಾಯಿಸಿ, ಬೇರೆಯಾಗಿ ಆಯ್ಕೆ ಕೊಡಬೇಕು. ರ‍್ಯಾಂಕ್ ಇದ್ದೂ ಈ ನೋಂದಣಿ ಮರೆತವರಿಗೆ ಆ ವರ್ಷ ಬಾಗಿಲು ಮುಚ್ಚಿದಂತೆಯೇ.

ಇಲ್ಲಿ ಸೀಟು ಸಿಕ್ಕರೆ ಇಸ್ರೋ ಕೆಲಸವೂ ಸಿಕ್ಕಿತು ಎಂಬ ನಂಬಿಕೆ ತಪ್ಪು. ನಾಲ್ಕು ವರ್ಷದೊಳಗೆ 7.5 ಸಿಜಿಪಿಎಯೊಂದಿಗೆ ಮುಗಿಸಿದವರನ್ನು ಪರಿಗಣಿಸುತ್ತಾರೆ, ಅದೂ ಖಾಲಿ ಹುದ್ದೆ ಇದ್ದಷ್ಟು.

ಬಾಂಬೆ, ಕಾನ್ಪುರ, ಮದ್ರಾಸ್, ಖರಗಪುರ ಐಐಟಿಗಳಲ್ಲಿ ಏರೋಸ್ಪೇಸ್ ಬಿ.ಟೆಕ್. ಇದೆ, ಇಂದೋರ್‌ನಲ್ಲಿ 2023ರಿಂದ ಬಾಹ್ಯಾಕಾಶ ವಿಜ್ಞಾನ ಮತ್ತು ಎಂಜಿನಿಯರಿಂಗ್ ಶುರುವಾಗಿದೆ. ಇವಕ್ಕೆ ಜೋಸಾ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ವಿಭಾಗ 1942ರಷ್ಟು ಹಳೆಯದಾದರೂ ಅಲ್ಲಿ ಪಿಯುಸಿ ನಂತರ ಏರೋಸ್ಪೇಸ್ ಬಿ.ಟೆಕ್. ಇಲ್ಲ. ಗೇಟ್ ಬರೆದು ಎಂ.ಟೆಕ್.ಗೆ ಹೋಗಬೇಕು.

ಸಿಇಟಿ ಮೂಲಕ ರಾಜ್ಯದ ಕಾಲೇಜುಗಳಿಗೆ ಬರುವವರು ಎರಡು ವಿಷಯ ಗಮನಿಸಲಿ. ಸಿಇಟಿ ರ‍್ಯಾಂಕಿನಲ್ಲಿ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧದಷ್ಟು ತೂಕವಿದೆ; ಕೋಚಿಂಗ್ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಬಾರದು. ಇನ್ನೊಂದು, ‘ಏರೋನಾಟಿಕಲ್’ ಎಂದರೆ ಗಾಳಿಯಲ್ಲಿ ಹಾರುವ ವಿಮಾನದ ವಿದ್ಯೆ, ‘ಏರೋಸ್ಪೇಸ್’ ಅದರ ಜೊತೆಗೆ ವಾತಾವರಣದಾಚೆಗಿನದನ್ನೂ ಕಲಿಸಬೇಕು. ಕಲಿಸುತ್ತದೆಯೇ ಎಂದು ತಿಳಿಯಲು ಐದರಿಂದ ಏಳನೇ ಸೆಮಿಸ್ಟರಿನ ಪಠ್ಯಕ್ರಮ ತೆಗೆದು ನೋಡಬೇಕು. ರಾಕೆಟ್ ನೋದನ, ಕಕ್ಷಾ ಚಲನೆ, ಉಪಗ್ರಹ ವ್ಯವಸ್ಥೆಗಳು ಕಡ್ಡಾಯ ವಿಷಯಗಳಾಗಿವೆಯೇ? ಎಲ್ಲವೂ ಎಲೆಕ್ಟಿವ್ ಆಗಿದ್ದು, ಹೇಳಿಕೊಡುವ ಅಧ್ಯಾಪಕರೂ ಇಲ್ಲದಿದ್ದರೆ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವುದೇ ಜಾಣತನ.

ಗಣಿತಕ್ಕೆ ಹೆದರುವವರು ಈ ಕಡೆ ಬರದಿರುವುದು ಮೇಲು. ಪಿಎಸ್‌ಎಲ್‌ವಿ ನೆಲ ಬಿಡುವಾಗ ಅದರ ತೂಕ ಸುಮಾರು 320 ಟನ್. 600 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಗೆ ಅದು ಮುಟ್ಟಿಸುವುದು ಹೆಚ್ಚೆಂದರೆ 1,750 ಕಿಲೊ. ಉಳಿದದ್ದರಲ್ಲಿ ಬಹುಪಾಲು ಇಂಧನ. ಇಷ್ಟು ಇಂಧನ ಏಕೆ ಎಂಬುದಕ್ಕೆ ಉತ್ತರ ಪಿಯುಸಿಯಲ್ಲಿ ಕಲಿತ ಲಾಗರಿದಮ್‌ನಲ್ಲೇ ಇದೆ: ವೇಗ ಕೂಡುತ್ತಾ ಹೋದಂತೆ ಬೇಕಾಗುವ ಆರಂಭಿಕ ತೂಕ ಗುಣಿಸುತ್ತಾ ಹೋಗುತ್ತದೆ. ಹಂತಹಂತವಾಗಿ ಕಳಚಿಕೊಳ್ಳುವ ರಾಕೆಟ್ ಕಟ್ಟುವುದೂ ಇದೇ ಕಾರಣಕ್ಕೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಖುಷಿಪಡುವ ಹುಡುಗರಿಗೆ ಈ ಓದು ಹಿಡಿಸುತ್ತದೆ.

ಸೇರಿದ ಮೇಲೆ ಕಾಲೇಜಿನ ಉಪಗ್ರಹ ಅಥವಾ ರಾಕೆಟ್ ತಂಡಕ್ಕೆ ಮೊದಲ ವರ್ಷವೇ ಸೇರಿಕೊಳ್ಳಬೇಕು. ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೊಗಿಂತ ಕಡಿಮೆ ತೂಕದ ‘ಸ್ಟಡ್‌ಸ್ಯಾಟ್’ 2010ರ ಜುಲೈ 12ರಂದು ಕಕ್ಷೆಗೆ ಹೋಯಿತು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 5.25 ಕಿಲೊ ತೂಕದ ‘ಪೈಸ್ಯಾಟ್’ 2016ರ ಸೆಪ್ಟೆಂಬರಿನಲ್ಲಿ ಹೋಯಿತು. ಅಂಥ ತಂಡದಲ್ಲಿ ಒಬ್ಬರು ಬ್ಯಾಟರಿ ಬಿಸಿಯಾಗುವುದನ್ನು ನೋಡಿಕೊಂಡರೆ ಇನ್ನೊಬ್ಬರು ಆಂಟೆನಾ ಬೆಸುಗೆ ಹಾಕುತ್ತಿರುತ್ತಾರೆ, ಮತ್ತೊಬ್ಬರು ಕಂಪನ ಪರೀಕ್ಷೆಯಲ್ಲಿ ಸಡಿಲವಾದ ಸ್ಕ್ರೂ ಹುಡುಕುತ್ತಿರುತ್ತಾರೆ. ಸಂದರ್ಶನದಲ್ಲಿ ಹೇಳಿಕೊಳ್ಳಲು ಇದಕ್ಕಿಂತ ಗಟ್ಟಿಯಾದದ್ದು ಬೇರೇನಿದೆ? ಬೆಂಗಳೂರಿನ ಪಿಕ್ಸೆಲ್, ದಿಗಂತರ, ಹೈದರಾಬಾದಿನ ಸ್ಕೈರೂಟ್, ಚೆನ್ನೈನ ಅಗ್ನಿಕುಲ್‌ನಂಥ ಖಾಸಗಿ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಕೇಳುವಾಗಲೂ ಇದೇ ಆಸರೆ.

ವಿದೇಶದಲ್ಲಿ ಓದುವ ಯೋಚನೆ ಇರುವವರಿಗೆ ಒಂದೇ ಎಚ್ಚರಿಕೆ. ಅಮೆರಿಕದ ರಫ್ತು ನಿಯಂತ್ರಣ ಕಾನೂನಿನಿಂದಾಗಿ ಅಲ್ಲಿನ ರಾಕೆಟ್ ಕಂಪನಿಗಳು ಸಾಮಾನ್ಯವಾಗಿ ಅಲ್ಲಿನ ನಾಗರಿಕರನ್ನೋ ಗ್ರೀನ್ ಕಾರ್ಡ್ ಇರುವವರನ್ನೋ ಮಾತ್ರ ತೆಗೆದುಕೊಳ್ಳುತ್ತವೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಬಹುಮಟ್ಟಿಗೆ ತನ್ನ ಸದಸ್ಯ ದೇಶಗಳವರಿಗೇ ಕೆಲಸ ಕೊಡುತ್ತದೆ. ಶಿಕ್ಷಣ ಸಾಲಕ್ಕೆ ಸಹಿ ಹಾಕುವ ಮೊದಲೇ ಇದನ್ನು ಮನೆಯವರೊಂದಿಗೆ ಕೂತು ಮಾತಾಡಿಕೊಳ್ಳಬೇಕು.