ನಿನ್ನ ಕಪಾಟಿನಲ್ಲಿ ಮೊದಲು ಇವರಿಗೆ ಜಾಗ ಕೊಡು

ಪ್ರೀತಿಯ ಪುಟ್ಟಿ,

ನೀನು ಬರೆಯುತ್ತಿರುವ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಜೊತೆಗೆ ನೀನು ಕೇಳಿದ ಪ್ರಶ್ನೆಯನ್ನೂ ಮತ್ತೆ ಮತ್ತೆ ಓದಿಕೊಂಡೆ. ಹದಿಹರೆಯದವರಿಗೆಂದೇ ಈ ದೇಶದಲ್ಲಿ ಇಷ್ಟೊಂದು ಪುಸ್ತಕ ಬರುತ್ತವೆ, ನಮ್ಮಂಥ ಮನೆಯ ಹುಡುಗಿ ಮಾತ್ರ ಯಾಕೆ ಅಷ್ಟು ಅಪರೂಪ ಅಂತ ಕೇಳಿದ್ದೀಯ. ಅಮೆರಿಕದ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲೇ ನನ್ನ ದುಡಿಮೆಯ ಬದುಕೆಲ್ಲ ಕಳೆಯಿತು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಇದನ್ನೇ ಕೇಳುವ ಮಕ್ಕಳು ನಮ್ಮವರ ಮನೆಗಳಲ್ಲಿ ಇನ್ನೂ ಇದ್ದಾರೆ, ಅದಕ್ಕೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಕನ್ನಡ ತೊಡಕಾದ ಕಡೆ ಅಮ್ಮನ ಹತ್ತಿರ ಓದಿಸಿಕೋ. ಅವಳಿಗೂ ಅಪ್ಪನಿಗೂ ಹೇಳಬೇಕಾದ ಮಾತು ಇದರಲ್ಲಿದೆ.

ನಿನ್ನ ಪ್ರಶ್ನೆ ನಿನಗಿಂತ ಬಹಳ ಹಳೆಯದು. ನ್ಯೂಯಾರ್ಕಿನ ಶಿಶುವಿಹಾರವೊಂದರಲ್ಲಿ ಐದು ವರ್ಷದ ಕಪ್ಪು ಮಗುವೊಂದು ಚಿತ್ರದ ಪುಸ್ತಕ ನೋಡುತ್ತಾ, ಯಾವಾಗಲೂ ಬಿಳಿ ಮಕ್ಕಳೇ ಯಾಕೆ ಅಂತ ಕೇಳಿತ್ತು. ನ್ಯಾನ್ಸಿ ಲ್ಯಾರಿಕ್ ಎಂಬಾಕೆ ಆ ಪ್ರಶ್ನೆಯನ್ನು ಬಿಡಲಿಲ್ಲ. 1962ರಿಂದ ಮೂರು ವರ್ಷಗಳಲ್ಲಿ 63 ಪ್ರಕಾಶಕರು ಹೊರತಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ಹಿಡಿದಳು. ಪಠ್ಯದಲ್ಲೋ ಚಿತ್ರದಲ್ಲೋ ಒಬ್ಬನಾದರೂ ಕಪ್ಪು ಮನುಷ್ಯ ಇದ್ದದ್ದು 349ರಲ್ಲಿ. ಅವುಗಳಲ್ಲೂ ಬಹುಪಾಲು ಹಿಂದಿನ ಕಾಲದ ಕತೆಗಳು, ಇಲ್ಲವೇ ಬೇರೆ ದೇಶದವು. ಆ ಹೊತ್ತಿನ ಅಮೆರಿಕದಲ್ಲಿ ಬದುಕುತ್ತಿದ್ದ ಕಪ್ಪು ಮಗುವಿನ ಕತೆ ನೂರಕ್ಕೆ ಒಂದೂ ಇರಲಿಲ್ಲ. ಆಕೆಯ ಲೇಖನ ಸ್ಯಾಟರ್ಡೆ ರಿವ್ಯೂ ಪತ್ರಿಕೆಯಲ್ಲಿ 1965ರ ಸೆಪ್ಟೆಂಬರಿನಲ್ಲಿ ಬಂತು.

ಆ ಇಸವಿಯನ್ನು ನೆನಪಿಟ್ಟುಕೋ. ಅದೇ ವರ್ಷ, ಅದೇ ಹೊತ್ತಿಗೆ, ಅಮೆರಿಕದ ವಲಸೆ ಕಾನೂನು ಬದಲಾಯಿತು. ಅದಕ್ಕೆ ಮುಂಚೆ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವ ಆ ಪದ್ಧತಿ ಹೋದದ್ದು ಕಪ್ಪು ಜನರ ನಾಗರಿಕ ಹಕ್ಕಿನ ಚಳವಳಿ ಈ ದೇಶದ ಮನಸ್ಸಾಕ್ಷಿಯನ್ನು ಅಲುಗಾಡಿಸಿದ ಮೇಲೆ. ನಾನು ಬಂದದ್ದು, ನಿನ್ನ ಅಪ್ಪ ಬಂದದ್ದು ಆ ಬಾಗಿಲಿನಿಂದಲೇ. ಇದು ನಮ್ಮ ಮನೆಯ ಚರಿತ್ರೆಯೂ ಹೌದು. ನಮ್ಮ ಹಜಾರದಲ್ಲಿ ಕುಳಿತು ಇದನ್ನು ಮಾತಾಡುವವರು ಮಾತ್ರ ಕಡಿಮೆ.

ಆದ್ದರಿಂದ ನನ್ನ ಸಲಹೆ ಒಂದೇ. ನಿನ್ನಂಥ ಹುಡುಗಿಯ ಪುಸ್ತಕ ಹುಡುಕುವ ಮುಂಚೆ, ಆ ಪುಸ್ತಕಕ್ಕೆ ಜಾಗ ಮಾಡಿಕೊಟ್ಟ ಕಪ್ಪು ಲೇಖಕರನ್ನು ಓದು. ಒಬ್ಬಳೇ ರೂಮಿನಲ್ಲಿ ಓದಬೇಡ, ಮನೆಯವರೊಂದಿಗೆ ಓದು.

ವಾಲ್ಟರ್ ಡೀನ್ ಮೈಯರ್ಸ್‌ನಿಂದ ಶುರುಮಾಡು. ಹುಟ್ಟಿದ್ದು 1937ರಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ. ಹೆತ್ತ ತಾಯಿ ಬೇಗ ತೀರಿಕೊಂಡಳು. ಹಾರ್ಲೆಮ್‌ನ ಹರ್ಬರ್ಟ್ ಮತ್ತು ಫ್ಲಾರೆನ್ಸ್ ಡೀನ್ ಎಂಬ ದಂಪತಿ ಅವನನ್ನು ಸಾಕಿದರು. ಫ್ಲಾರೆನ್ಸ್ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತಾನು ಓದುತ್ತಿದ್ದ ಅಗ್ಗದ ಪ್ರೇಮಕತೆಗಳ ಪತ್ರಿಕೆಯನ್ನೇ ಗಟ್ಟಿಯಾಗಿ ಓದುತ್ತಿದ್ದಳು. ಅದರಿಂದಲೇ ಅವನಿಗೆ ಅಕ್ಷರ ಹತ್ತಿತು. ಪುಸ್ತಕದ ಹುಳುವಾದ. ಆದರೆ ಹರೆಯಕ್ಕೆ ಬಂದಂತೆ, ಓದಿದ ಯಾವ ಪುಸ್ತಕದಲ್ಲೂ ತಾನಿಲ್ಲ, ತನ್ನ ಬೀದಿಯಿಲ್ಲ ಎನ್ನುವುದು ಅವನನ್ನು ಕೊರೆಯತೊಡಗಿತು. ಶಾಲೆ ಬಿಟ್ಟ, 17 ತುಂಬುತ್ತಲೇ ಸೈನ್ಯ ಸೇರಿದ. ಮುಂದೆ ಜೇಮ್ಸ್ ಬಾಲ್ಡ್‌ವಿನ್ನನ ‘ಸನ್ನೀಸ್ ಬ್ಲೂಸ್’ ಎಂಬ ಕತೆ ಕೈಗೆ ಸಿಕ್ಕಿತು. ಹಾರ್ಲೆಮ್‌ನ ಬದುಕೂ ಸಾಹಿತ್ಯವಾಗಬಹುದು ಎಂಬ ಅನುಮತಿ ಅದರಿಂದ ಸಿಕ್ಕಿತು ಎಂದು ಅವನೇ ಹೇಳಿಕೊಂಡಿದ್ದಾನೆ.

ಸಾಕಿದವರ ಮೇಲಿನ ಗೌರವಕ್ಕೆ ಅವರ ಹೆಸರನ್ನು ತನ್ನ ಹೆಸರಿನ ನಡುವೆ ಇಟ್ಟುಕೊಂಡ. ಪುಸ್ತಕದ ಮೇಲೆ ಪುಸ್ತಕ ಬರೆದ. ಅಪ್ಪ ಹರ್ಬರ್ಟ್ ಮಾತ್ರ ಒಂದರ ಬಗ್ಗೆಯೂ ಒಳ್ಳೆಯದಾಗಿದೆ ಅನ್ನಲಿಲ್ಲ. ಆ ನೋವು ಮಗನಿಗೆ ಬಹಳ ಕಾಲ ಇತ್ತು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ ಎಂಬುದು ತಿಳಿದದ್ದು ತೀರಾ ತಡವಾಗಿ. ಪುಟ್ಟಿ, ನಿನ್ನ ಅಪ್ಪ ನಿನ್ನ ಬರವಣಿಗೆಯ ಬಗ್ಗೆ ಸುಮ್ಮನಿರುತ್ತಾನೆ ಎಂದು ನೀನು ಬೇಸರಪಟ್ಟಿದ್ದೀಯ. ಅವನಿಗೆ ಓದಲು ಬರುತ್ತದೆ, ನಿಜ. ಆದರೆ ಪಠ್ಯಪುಸ್ತಕ ಬಿಟ್ಟು ಬೇರೆ ಓದಿದರೆ ಹೊತ್ತು ಹಾಳು ಎಂದು ಹೇಳಿಸಿಕೊಂಡೇ ಬೆಳೆದವನು ಅವನು. ಅವನ ಮೌನಕ್ಕೆ ಕಾರಣ ನಿನ್ನ ಮೇಲಿನ ಅಸಡ್ಡೆ ಅಂದುಕೊಳ್ಳಬೇಡ. ಎದುರಿಗೆ ಕೂರಿಸಿಕೊಂಡು ಓದಿ ಹೇಳು.

ಮೈಯರ್ಸ್‌ನ ‘ಮಾನ್‌ಸ್ಟರ್’ ಬಂದದ್ದು 1999ರಲ್ಲಿ. ಕೊಲೆಯ ಆರೋಪ ಹೊತ್ತು ಜೈಲಿನಲ್ಲಿರುವ 16ರ ಹುಡುಗ ತನ್ನ ವಿಚಾರಣೆಯನ್ನೇ ಸಿನಿಮಾ ಚಿತ್ರಕತೆಯಂತೆ ಬರೆದುಕೊಳ್ಳುತ್ತಾನೆ. ಹದಿಹರೆಯದ ಸಾಹಿತ್ಯಕ್ಕೆ ಕೊಡುವ ಪ್ರಿಂಟ್ಜ್ ಪ್ರಶಸ್ತಿ 2000ದಲ್ಲಿ ಆರಂಭವಾದಾಗ ಮೊದಲು ಸಂದದ್ದು ಇದಕ್ಕೆ. ಇಷ್ಟೆಲ್ಲ ಆದರೂ, 2014ರ ಮಾರ್ಚಿನಲ್ಲಿ ಅವನೂ ಅವನ ಮಗ ಕ್ರಿಸ್ಟೊಫರನೂ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದೇ ದಿನ ಲೇಖನ ಬರೆದು ಹಳೆಯ ಪ್ರಶ್ನೆಯನ್ನೇ ಕೇಳಬೇಕಾಯಿತು. ಹಿಂದಿನ ವರ್ಷ ಬಂದ ಸುಮಾರು 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಕುರಿತಾದವು 93. ಆ ಜುಲೈಯಲ್ಲಿ ಮೈಯರ್ಸ್ ತೀರಿಕೊಂಡ. ಆ ವರ್ಷ ಎದ್ದ ಕೂಗಿನಿಂದ ವೀ ನೀಡ್ ಡೈವರ್ಸ್ ಬುಕ್ಸ್ ಸಂಸ್ಥೆ ಹುಟ್ಟಿತು. ಇಂದು ನಿನ್ನ ಶಾಲೆಯ ಲೈಬ್ರರಿಯಲ್ಲಿ ಭಾರತೀಯ ಮೂಲದ ಲೇಖಕಿಯರಾದ ಸಂಧ್ಯಾ ಮೆನನ್, ಸಮೀರಾ ಅಹ್ಮದ್, ರಜನಿ ಲರೋಕಾ ಅವರ ಹೆಸರು ಕಾಣುತ್ತಿದ್ದರೆ ಅದರ ಹಿಂದೆ ಈ ದೀರ್ಘ ಜಗಳ ಇದೆ.

ಇನ್ನು ಮಿಲ್ಡ್ರೆಡ್ ಟೇಲರ್. ಅವಳ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಅನ್ನು ನಿನ್ನ ಕ್ಲಾಸಿನಲ್ಲಿ ಇಟ್ಟಿದ್ದರೂ ಪರೀಕ್ಷೆಗಾಗಿ ಓದಿ ಬಿಟ್ಟಿರುತ್ತೀಯ, ಮತ್ತೊಮ್ಮೆ ಓದು. 1976ರಲ್ಲಿ ಬಂದದ್ದು, ಮರುವರ್ಷ ನ್ಯೂಬೆರಿ ಪದಕ ಪಡೆದದ್ದು. ಕತೆ ನಡೆಯುವುದು 1930ರ ದಶಕದ ಮಿಸಿಸಿಪ್ಪಿಯಲ್ಲಿ. ಬಿಳಿಯರ ಶಾಲೆಯಲ್ಲಿ ಬಳಸಿ ಬಳಸಿ ಹರಿದ ಪುಸ್ತಕಗಳನ್ನು ಕಪ್ಪು ಮಕ್ಕಳ ಶಾಲೆಗೆ ದಾಟಿಸಿರುತ್ತಾರೆ. ಒಳರಕ್ಷೆಯ ಮೇಲೆ ಯಾವ ವರ್ಷ ಯಾವ ಜನಾಂಗದ ಮಗುವಿಗೆ ಕೊಟ್ಟದ್ದು, ಆಗ ಪುಸ್ತಕದ ಸ್ಥಿತಿ ಏನು ಎಂಬ ಪಟ್ಟಿ. ಅದನ್ನು ಓದಿಕೊಂಡ ಆರು ವರ್ಷದ ಹುಡುಗ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ, ಏಟು ತಿನ್ನುತ್ತಾನೆ. ಅದೇ ಶಾಲೆಯಲ್ಲಿ ಟೀಚರ್ ಆಗಿರುವ ಅವನ ತಾಯಿ ಗಲಾಟೆ ಮಾಡುವುದಿಲ್ಲ. ಅಳತೆಗೆ ಕಾಗದ ಕತ್ತರಿಸಿ ತನ್ನ ತರಗತಿಯ ಪುಸ್ತಕಗಳ ಆ ಪಟ್ಟಿಯ ಮೇಲೆ ಒಂದೊಂದಾಗಿ ಅಂಟಿಸುತ್ತಾಳೆ. ಮುಂದೆ, ಪಠ್ಯದಲ್ಲಿಲ್ಲದ ಗುಲಾಮಗಿರಿಯ ಚರಿತ್ರೆ ಕಲಿಸಿದಳೆಂದು ಅವಳ ಕೆಲಸವೂ ಹೋಗುತ್ತದೆ. ಆ ಬಡ ಮನೆಯಲ್ಲಿ ಕ್ರಿಸ್‌ಮಸ್‌ಗೆ ಮಕ್ಕಳಿಗೆ ಸಿಗುವ ಉಡುಗೊರೆ ಪುಸ್ತಕ, ಅದರಲ್ಲೂ ಅಲೆಕ್ಸಾಂಡರ್ ಡ್ಯೂಮಾನದು. ಬರೆದವನು ಕಪ್ಪು ಮನುಷ್ಯ ಎಂದು ಅಪ್ಪ ಮಕ್ಕಳಿಗೆ ಹೇಳುತ್ತಾನೆ. ಓದು ಒಂದು ಮನೆಯ ಸ್ವಾಭಿಮಾನ ಆಗುವುದು ಹೇಗೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಕಾದಂಬರಿಯನ್ನು ನಾನು ಕಂಡಿಲ್ಲ.

ಪುಸ್ತಕ ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು 1990ರಲ್ಲಿ ಬರೆದವಳು ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್. ನಾವು ಅದರಲ್ಲಿ ಕನ್ನಡಿಯನ್ನಷ್ಟೇ ಎತ್ತಿಕೊಂಡಿದ್ದೇವೆ. ಬಿಸಿಲಿಗೆ ಹೋಗಬೇಡ, ಕಪ್ಪಗಾಗ್ತೀಯ ಎಂದು ನಿನಗೆ ಹೇಳಿದವರು ಹೊರಗಿನವರಲ್ಲ. ಮದುವೆ ಜಾಹೀರಾತಿನಲ್ಲಿ ಬೆಳ್ಳಗಿನ ವಧು ಬೇಕೆಂದು ಹಾಕಿಸುವವರು ನಾವೇ. ಮನೆ ಕೊಳ್ಳುವಾಗ ಆ ಬಡಾವಣೆಯಲ್ಲಿ ಎಂಥವರಿದ್ದಾರೆ ಎಂದು ದನಿ ತಗ್ಗಿಸಿ ಕೇಳಿಕೊಳ್ಳುವವರೂ ನಾವೇ. ನಮ್ಮ ಮಗು ಬಿಳಿಯರ ಪುಸ್ತಕದಲ್ಲಿ ಕಾಣುತ್ತಿಲ್ಲ ಎಂದು ನೋಯುವ ನಾವು, ಕಪ್ಪು ಮಗುವಿನ ಪುಸ್ತಕವನ್ನು ಮನೆಯೊಳಗೆ ತರುವುದಿಲ್ಲ. ಇದು ಅನ್ಯಾಯ, ಮತ್ತು ಇದನ್ನು ಊಟದ ಮೇಜಿನ ಬಳಿ ಎತ್ತಬೇಕಾದವಳು ನೀನು. ದೊಡ್ಡವರಿಗೆ ಎದುರು ಮಾತಾಡಿದಂತೆ ಆದೀತು ಎಂಬ ಅಳುಕಿದ್ದರೆ, ಆಂಜಿ ಥಾಮಸ್‌ಳ ‘ದ ಹೇಟ್ ಯು ಗಿವ್’ ಅನ್ನು ಅಮ್ಮನ ಕೈಗೆ ಕೊಡು. ಪೊಲೀಸರು ತಡೆದರೆ ಕೈ ಎಲ್ಲಿಡಬೇಕು ಎಂದು ಒಬ್ಬ ಅಪ್ಪ ತನ್ನ ಮಗಳಿಗೆ ಹೇಳಿಕೊಡುವುದನ್ನು ಓದಲಿ. ತಾಯಾದವಳಿಗೆ ಅದು ಅರ್ಥವಾಗುತ್ತದೆ.

ಈಗ ನಿನ್ನ ಬರವಣಿಗೆ. ಅಜ್ಜಿಯ ಪೂಜೆಯನ್ನು ಪ್ರವಾಸಿಗೆ ಊರು ತೋರಿಸುವ ಗೈಡ್‌ನಂತೆ ವಿವರಿಸಿದ್ದೀಯ. ವಿವರಣೆ ತೆಗೆದುಬಿಡು. ಅಜ್ಜಿ ಪೂಜೆ ಮಾಡಲಿ ಸಾಕು. ಅದಕ್ಕಿಂತ ದೊಡ್ಡ ಕೊರತೆ ನಿನ್ನ ನಾಯಕಿಯ ಕಪ್ಪು ಗೆಳತಿಯದು. ಬರೆದಷ್ಟರಲ್ಲೂ ಅವಳು ಬರುವುದು ನಿನ್ನ ಹುಡುಗಿಯನ್ನು ನಗಿಸಲು, ಇಲ್ಲವೇ ಧೈರ್ಯ ಹೇಳಲು. ಅವಳಿಗೆ ಅಪ್ಪ ಅಮ್ಮ ಇಲ್ಲವೇ? ಅವಳಿಗೆ ಯಾರ ಮೇಲೆ ಸಿಟ್ಟಿದೆ? ಅವಳ ಮನೆಯಲ್ಲಿ ಭಾನುವಾರ ಏನು ನಡೆಯುತ್ತದೆ? ನಿನ್ನ ನಾಯಕಿ ಅವಳನ್ನು ಒಮ್ಮೆಯೂ ಮನೆಗೆ ಕರೆದಿಲ್ಲ, ಯಾಕೆ ಕರೆದಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಮುಂದಿನ ಅಧ್ಯಾಯದಲ್ಲಿ ಕರೆಯಲಿ. ಆ ಹೊತ್ತಿನಲ್ಲಿ ಅಮ್ಮ, ಅಪ್ಪ, ಅಜ್ಜಿ ಏನೇನು ಮಾತಾಡುತ್ತಾರೋ ಅದನ್ನು ಮರೆಮಾಚದೆ ಬರೆದು ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ