ಸಣ್ಣ ನಾಡಿನ ದೊಡ್ಡ ಆಟ

ಒಂದು ನಾಡಿನ ಹಿರಿಮೆಯನ್ನು ಅದರ ವಿಸ್ತೀರ್ಣದಿಂದಲೂ ಜನಸಂಖ್ಯೆಯಿಂದಲೂ ಅಳೆಯುವುದು ಲೋಕರೂಢಿ. ಆದರೆ ಆಟದ ಬಯಲಿನಲ್ಲಿ ಈ ಅಳತೆಯು ಅನೇಕ ಸಾರಿ ತಪ್ಪಾಗುವುದನ್ನು ನಾವು ಕಂಡಿರುವೆವು. ಕೋಟ್ಯಂತರ ಜನರಿರುವ ದೇಶಗಳು ಬರಿಗೈಯಿಂದ ಹಿಂದಿರುಗುವಾಗ, ಭೂಪಟದಲ್ಲಿ ಬೆರಳಿಟ್ಟರೆ ಮರೆಯಾಗುವಂಥ ನಾಡುಗಳು ಜಯಮಾಲೆಯನ್ನು ಧರಿಸಿ ಬರುವುದುಂಟು. ಇದಕ್ಕೆ ಕಾರಣವೇನು? ಆ ಕಾರಣವು ನಮ್ಮ ಮಲೆಗಳಿಗೂ ನಮ್ಮ ಹೆಣ್ಣುಮಕ್ಕಳಿಗೂ ಅನ್ವಯಿಸುವುದೋ? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆವೆಂದರೆ, ಹುಡುಗಿಯರಿಗೆ ಕಲಿಸುವವರೆಲ್ಲರೂ ಬಲ್ಲ ಒಂದು ಸಂಗತಿಯುಂಟು. ಐದನೆಯ ತರಗತಿಯಲ್ಲಿ ಜಿಂಕೆಯಂತೆ ಓಡುತ್ತಿದ್ದ ಬಾಲಿಕೆಯು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಬಯಲಿನ ಅಂಚಿನಲ್ಲಿ ನಿಂತು ಬಿಡುವಳು. ಅವಳ ಕಾಲಿನ ಬಲವು ಕುಂದಿದುದಲ್ಲ. ‘ಇನ್ನು ಸಾಕು’ ಎಂಬ ಮಾತು ಎಲ್ಲಿಂದಲೋ ಅವಳ ಕಿವಿಗೆ ಬಿದ್ದಿರುವುದು. ಆ ಮಾತನ್ನು ಆಡಿದವರು ಯಾರೆಂದು ಹುಡುಕುವುದಕ್ಕಿಂತ, ಅದನ್ನು ಆಡದಿರುವ ನಾಡುಗಳು ಹೇಗಿವೆಯೆಂದು ತಿಳಿಯುವುದು ಹೆಚ್ಚು ಪ್ರಯೋಜನಕರವೆಂದು ನಮಗೆ ತೋರುತ್ತದೆ.

೧. ನೆರೆಯ ನಾಡು

ನಿದರ್ಶನಕ್ಕಾಗಿ ಸಮುದ್ರವನ್ನು ದಾಟಬೇಕಾದುದಿಲ್ಲ. ಕೊಟ್ಟಿಗೆಹಾರದಿಂದ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಗಳ ಮಾರ್ಗವಾಗಿ ಹೊರಟರೆ ಅರ್ಧ ದಿನದಲ್ಲಿ ಮಡಿಕೇರಿಯನ್ನು ಸೇರಬಹುದು. ಕೊಡಗು ೧೮೩೪ರಲ್ಲಿ ಇಂಗ್ಲಿಷರ ವಶವಾಗುವವರೆಗೆ ತನ್ನದೇ ಆದ ಅರಸರನ್ನು ಹೊಂದಿದ್ದಿತು. ಆಮೇಲೆ ಬೇರೆಯಾದ ಒಂದು ಪ್ರಾಂತವಾಗಿಯೂ, ಸ್ವಾತಂತ್ರ್ಯಾನಂತರ ಒಂದು ಪುಟ್ಟ ರಾಜ್ಯವಾಗಿಯೂ ಇದ್ದು, ೧೯೫೬ನೆಯ ನವೆಂಬರು ೧ನೆಯ ತಾರೀಖಿನಂದು ಮೈಸೂರು ರಾಜ್ಯದಲ್ಲಿ ಸೇರಿತು. ಅದರ ವಿಸ್ತೀರ್ಣವು ಸುಮಾರು ೪,೧೦೨ ಚದರ ಕಿಲೋಮೀಟರುಗಳು. ೨೦೧೧ರ ಜನಗಣತಿಯಂತೆ ಅಲ್ಲಿನ ಜನರು ೫,೫೪,೫೧೯. ಅದೇ ಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯು ಹನ್ನೊಂದು ಲಕ್ಷವನ್ನು ಮೀರಿದ್ದಿತು. ಎಂದರೆ ನಮ್ಮ ಅರ್ಧದಷ್ಟು ಜನರಿರುವ ನಾಡದು. ಅಲ್ಲಿಯೂ ನಮ್ಮಂತೆಯೇ ಕಾಫಿಯ ತೋಟ, ಏಲಕ್ಕಿ, ಗದ್ದೆ, ಜಿಗಣೆ, ಎಡೆಬಿಡದೆ ಸುರಿಯುವ ಮಳೆ. ಆದುದರಿಂದ ‘ಅವರ ನೆಲ ಬೇರೆ, ನಮ್ಮ ನೆಲ ಬೇರೆ’ ಎಂಬ ನೆವವು ಇಲ್ಲಿ ಸಲ್ಲದು.

೨. ಆಟವು ಬೇರೂರಿದ ಬಗೆ

ಕೊಡವರಲ್ಲಿ ಆಟವು ಹಬ್ಬದಿಂದ ಬೇರೆಯಾದುದಲ್ಲ. ಊರಿನ ಹಸುರು ಬಯಲಿಗೆ ಅವರು ‘ಮಂದ್’ ಎನ್ನುವರು. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಕೋಲಾಟವು ನಡೆಯುವುದು ಅಲ್ಲಿಯೇ. ‘ಪರಿಯ ಕಳಿ’ ಎಂಬ ಆಟದಲ್ಲಿ ಇಬ್ಬರು ಬೆತ್ತವನ್ನೂ ಗುರಾಣಿಯನ್ನೂ ಹಿಡಿದು ಎದುರಾಗುವರು. ಹೊಡೆತವು ಮೊಣಕಾಲಿನ ಕೆಳಗೇ ಬೀಳತಕ್ಕದ್ದೆಂಬುದು ನಿಯಮ. ಆಟವು ಮುಗಿದೊಡನೆ ವೈರವೂ ಮುಗಿಯತಕ್ಕದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು. ಹೀಗೆ ನಿಯಮಕ್ಕೆ ಒಳಪಟ್ಟು ಸೆಣಸುವುದು, ಸೋತವನು ನಗುತ್ತ ಮನೆಗೆ ಹೋಗುವುದು, ಇವೆರಡನ್ನೂ ಅಲ್ಲಿಯ ಮಕ್ಕಳು ತಮ್ಮ ಊರಿನ ಬಯಲಿನಲ್ಲಿಯೇ ಕಲಿತರು.

ಹಾಕಿಯಾದರೋ ಹೊರಗಿನಿಂದ ಬಂದ ಆಟ. ದಂಡಿನಲ್ಲಿ ಸೇವೆ ಮಾಡುವುದು ಕೊಡಗಿನಲ್ಲಿ ಮನೆಮನೆಯ ಸಂಪ್ರದಾಯವಾಗಿದ್ದಿತು. ೧೯೪೯ರ ಜನವರಿ ೧೫ರಂದು ಭಾರತದ ಸೇನೆಗೆ ಪ್ರಥಮ ಭಾರತೀಯ ದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರೂ, ೧೯೫೭ರಿಂದ ೧೯೬೧ರವರೆಗೆ ಆ ಸ್ಥಾನದಲ್ಲಿದ್ದ ಕೆ. ಎಸ್. ತಿಮ್ಮಯ್ಯನವರೂ ಈ ನಾಡಿನವರೆಂಬುದು ಎಲ್ಲರಿಗೂ ತಿಳಿದ ವಿಷಯ. ದಂಡಿನಲ್ಲಿ ಹಾಕಿಯನ್ನು ಕಲಿತವರು ರಜೆಗೆ ಮನೆಗೆ ಬಂದಾಗ ಕೋಲನ್ನೂ ತಂದರು. ಕೋಲು, ಬಯಲು, ನಿಯಮ ಈ ಮೂರೂ ಅಲ್ಲಿಯ ಜನರಿಗೆ ಪರಿಚಿತವೇ ಆಗಿದ್ದುದರಿಂದ ಹೊಸ ಆಟವು ಹಳೆಯ ಮಣ್ಣಿನಲ್ಲಿ ಸುಲಭವಾಗಿ ಬೇರುಬಿಟ್ಟಿತು.

೩. ಮನೆತನಗಳ ಹಾಕಿ

ಈ ಬೇರು ಎಷ್ಟು ಆಳವಾದುದೆಂಬುದು ೧೯೯೭ರಲ್ಲಿ ಲೋಕಕ್ಕೆ ತಿಳಿಯಿತು. ಕೊಡವರಲ್ಲಿ ಪ್ರತಿಯೊಂದು ಮನೆತನಕ್ಕೂ ‘ಒಕ್ಕ’ವೆಂದು ಹೆಸರು, ಒಕ್ಕಕ್ಕೊಂದು ‘ಐನ್ ಮನೆ’ ಎಂಬ ಮೂಲಗೃಹ. ಉದ್ಯೋಗಗಳ ದೆಸೆಯಿಂದ ಮನೆತನದವರು ದೂರ ದೂರಕ್ಕೆ ಚದರಿ, ಒಬ್ಬರ ಮುಖವನ್ನು ಒಬ್ಬರು ಮರೆಯುತ್ತಿದ್ದ ಕಾಲದಲ್ಲಿ, ಪಾಂಡಂಡ ಕುಟ್ಟಪ್ಪನವರು ಅವರನ್ನು ಕೂಡಿಸುವ ಉಪಾಯವನ್ನು ಯೋಚಿಸಿದರು. ಸಭೆಗೆ ಕರೆದರೆ ಬಾರದವರು ಆಟಕ್ಕೆ ಕರೆದರೆ ಬರುವರೆಂದು ಬಗೆದು, ಕರಡ ಗ್ರಾಮದಲ್ಲಿ ೬೦ ಮನೆತನಗಳ ತಂಡಗಳನ್ನು ಸೇರಿಸಿ ಹಾಕಿಯ ಉತ್ಸವವನ್ನು ಆರಂಭಿಸಿದರು. ಅಂದಿನಿಂದ ಒಂದೊಂದು ಸಾರಿ ಒಂದೊಂದು ಮನೆತನವು ಆತಿಥ್ಯದ ಭಾರವನ್ನು ಹೊರುವುದು. ಉತ್ಸವಕ್ಕೂ ಆ ಮನೆತನದ ಹೆಸರೇ ಬರುವುದು. ಮಹಾಮಾರಿಯ ಕಾಲದಲ್ಲಿ ನಿಂತುಹೋಗಿದ್ದ ಈ ಉತ್ಸವವು ೨೦೨೩ರಲ್ಲಿ ಪುನಃ ಆರಂಭವಾಯಿತು. ೨೦೨೪ರಲ್ಲಿ ಕುಂಡ್ಯೋಳಂಡ ಮನೆತನದವರು ನಾಪೋಕ್ಲುವಿನಲ್ಲಿ ನಡೆಸಿದಾಗ ೩೬೦ ತಂಡಗಳು ಸೇರಿ, ಗಿನ್ನೆಸ್ ದಾಖಲೆಯ ಗ್ರಂಥದಲ್ಲಿ ಸ್ಥಾನವು ದೊರೆಯಿತು. ೨೦೨೫ರಲ್ಲಿ ಮುದ್ದಂಡ ಮನೆತನದವರು ಮಡಿಕೇರಿಯಲ್ಲಿ ನಡೆಸಿದಾಗ ತಂಡಗಳು ೩೯೬ ಆದುವು.

ಇಲ್ಲಿ ವಾಚಕರು ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಕಾಲ. ಕಾಫಿಯ ಕೊಯ್ಲು ಮುಗಿದು, ಮುಂಗಾರು ಹಿಡಿಯುವ ಮುನ್ನ, ಶಾಲೆಗಳಿಗೆ ರಜೆಯಿರುವ ಬೇಸಗೆಯೇ ಈ ಉತ್ಸವದ ಕಾಲ. ಆ ಬಿಡುವು ನಮ್ಮ ಮಲೆಗಳಲ್ಲಿಯೂ ಅದೇ ತಿಂಗಳುಗಳಲ್ಲಿ ಬರುವುದಷ್ಟೆ. ಎರಡನೆಯದು, ತಂಡದ ರಚನೆ. ಮನೆತನದ ತಂಡದಲ್ಲಿ ಸ್ತ್ರೀಯರೂ ಪುರುಷರೊಡನೆ ಅದೇ ಬಯಲಿನಲ್ಲಿ, ಅದೇ ಪಂದ್ಯದಲ್ಲಿ ಆಡುವರು. ವಯಸ್ಸಿನ ಅಂತರವೂ ಅಡ್ಡಿಯಾಗುವುದಿಲ್ಲ. ಅಣ್ಣನಿಗೆ ಚೆಂಡನ್ನು ಒಪ್ಪಿಸುವ ತಂಗಿ, ತಂಗಿಯ ಹೊಡೆತವನ್ನು ಕಂಡು ಚಪ್ಪಾಳೆ ತಟ್ಟುವ ಅಜ್ಜಿ, ಇಂಥ ನೋಟವನ್ನು ಚಿಕ್ಕಂದಿನಿಂದ ಕಂಡ ಹುಡುಗಿಗೆ ‘ಇನ್ನು ಸಾಕು’ ಎಂದು ಹೇಳುವವರು ಯಾರು?

೪. ಫಲ

ಈ ಬೇಸಾಯದ ಫಲವನ್ನು ಭಾರತವೆಲ್ಲವೂ ಉಂಡಿತು. ಎಂ. ಪಿ. ಗಣೇಶರೂ ಬಿ. ಪಿ. ಗೋವಿಂದರೂ ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗಳಿಸಿದ ತಂಡದಲ್ಲಿದ್ದರು. ೧೯೭೩ರ ವಿಶ್ವಕಪ್ಪಿನಲ್ಲಿ ಬೆಳ್ಳಿಯನ್ನು ಗಳಿಸಿದ ತಂಡಕ್ಕೆ ಗಣೇಶರೇ ನಾಯಕರು. ೧೯೭೫ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನೇ ಗೆದ್ದ ತಂಡದಲ್ಲಿ ಗೋವಿಂದರಿದ್ದರು. ೧೯೮೦ರಲ್ಲಿ ಮಾಸ್ಕೋದಲ್ಲಿ ಚಿನ್ನವನ್ನು ಗಳಿಸಿದವರಲ್ಲಿ ಎಂ. ಎಂ. ಸೋಮಯ್ಯನವರೊಬ್ಬರು, ೧೯೮೮ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ನಾಯಕತ್ವವೂ ಅವರದೇ. ಗೋಲನ್ನು ಕಾಯುವುದರಲ್ಲಿ ಎ. ಬಿ. ಸುಬ್ಬಯ್ಯನವರು ಹೆಸರಾದರು. ಕಾಫಿ ಬೆಳೆಗಾರರ ಮಗನಾದ ರೋಹನ್ ಬೋಪಣ್ಣನವರು ೨೦೨೪ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ಸಿನ ಪುರುಷರ ಜೋಡಿಯಾಟವನ್ನು ಮ್ಯಾಥ್ಯೂ ಎಬ್ಡನ್ನರೊಡನೆ ಗೆದ್ದಾಗ ಅವರ ವಯಸ್ಸು ೪೩. ಇತರರು ಆಟವನ್ನು ಬಿಟ್ಟು ವಿಶ್ರಮಿಸುವ ವಯಸ್ಸಿನಲ್ಲಿ ಅವರು ಜೋಡಿಯಾಟದ ಶ್ರೇಯಾಂಕದಲ್ಲಿ ಲೋಕಕ್ಕೇ ಮೊದಲಿಗರಾದರು.

ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ನೆನಪಿನಲ್ಲಿಡಬೇಕಾದ ಹೆಸರುಗಳು ಬೇರೆಯಿವೆ. ಅಶ್ವಿನಿ ನಾಚಪ್ಪನವರು ಪಿ. ಟಿ. ಉಷಾರಂಥ ಓಟಗಾರ್ತಿಯನ್ನು ಹಿಂದಿಟ್ಟು ಕೀರ್ತಿಯನ್ನು ಪಡೆದರು; ೧೯೯೦ರ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ನಾಲ್ವರು ಕೂಡಿ ಓಡುವ ರಿಲೇ ಓಟದಲ್ಲಿ ಬೆಳ್ಳಿಯನ್ನು ಗಳಿಸಿದರು; ತರುವಾಯ ಕೊಡಗಿಗೆ ಮರಳಿ, ಪಾಠದೊಡನೆ ಆಟಕ್ಕೂ ಸಮನಾದ ಸ್ಥಾನವುಳ್ಳ ವಿದ್ಯಾಸಂಸ್ಥೆಯನ್ನು ನಡೆಸಿದರು. ಅಶ್ವಿನಿ ಪೊನ್ನಪ್ಪನವರು ಜ್ವಾಲಾ ಗುಟ್ಟಾರೊಡನೆ ೨೦೧೦ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬ್ಯಾಡ್ಮಿಂಟನ್ ಜೋಡಿಯಾಟದ ಚಿನ್ನವನ್ನೂ, ೨೦೧೧ರ ವಿಶ್ವ ಸ್ಪರ್ಧೆಯಲ್ಲಿ ಕಂಚನ್ನೂ ಗಳಿಸಿದರು. ಅವರ ತಂದೆಯವರು ಹಾಕಿಯಾಟಗಾರರು. ತಂದೆಯ ಕೋಲು ಮಗಳ ಕೈಯಲ್ಲಿ ಬೇರೆಯ ಆಟದ ಸಾಧನವಾಯಿತು. ಮನೆಯ ಅಭಿರುಚಿಯು ಮಾತ್ರ ಒಂದೇ.

೫. ಹಿಮದ ನಾಡಿನ ಸಾಕ್ಷಿ

ಇದು ಕೊಡಗಿಗೆ ಮಾತ್ರ ಒದಗಿದ ಅದೃಷ್ಟವೆಂದು ಯಾರಾದರೂ ಭಾವಿಸಬಹುದು. ಆದಕಾರಣ ಯುರೋಪಿನ ಅತಿ ಸಣ್ಣ ನಾಡುಗಳಲ್ಲೊಂದಾದ ಐಸ್‌ಲ್ಯಾಂಡನ್ನು ನೋಡೋಣ. ಆ ದ್ವೀಪದ ಜನರು ಸುಮಾರು ನಾಲ್ಕು ಲಕ್ಷ ಮಾತ್ರ. ಎಂದರೆ ಕೊಡಗಿಗಿಂತಲೂ ಕಡಮೆ. ಚಳಿಗಾಲದಲ್ಲಿ ಹಗಲೆಂಬುದು ಕೆಲವೇ ಗಂಟೆಗಳದು. ಗಾಳಿಯೂ ಹಿಮವೂ ಬಯಲನ್ನು ಆಟಕ್ಕೆ ಬಾರದಂತೆ ಮಾಡುವುವು. ಹಾಗಿದ್ದರೂ ೨೦೦೮ರ ಒಲಿಂಪಿಕ್ಸಿನಲ್ಲಿ ಅವರ ಪುರುಷರು ಹ್ಯಾಂಡ್‌ಬಾಲಿನಲ್ಲಿ ಬೆಳ್ಳಿಯನ್ನು ಪಡೆದರು. ೨೦೧೩ರಲ್ಲಿ ಅವರ ಸ್ತ್ರೀಯರು ಯುರೋಪಿನ ಫುಟ್‌ಬಾಲ್ ಸ್ಪರ್ಧೆಯಲ್ಲಿ ಎಂಟರ ಘಟ್ಟವನ್ನು ಮುಟ್ಟಿದರು; ಪುರುಷರು ಅದೇ ಘಟ್ಟವನ್ನು ಮುಟ್ಟಿದುದು ಮೂರು ವರ್ಷಗಳ ಬಳಿಕ, ೨೦೧೬ರಲ್ಲಿ, ಇಂಗ್ಲೆಂಡನ್ನು ೨-೧ರಿಂದ ಸೋಲಿಸಿ. ೨೦೧೮ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನದೊಡನೆ ಸರಿಸಮವಾಗಿ ಆಡಿದ ಅವರ ತಂಡದ ಶಿಕ್ಷಕರು ವೃತ್ತಿಯಿಂದ ದಂತವೈದ್ಯರಾಗಿದ್ದರು.

ಅವರು ಮಾಡಿದುದೇನು? ಹವೆಯನ್ನು ದೂರುತ್ತ ಕುಳಿತುಕೊಳ್ಳದೆ ಮಾಡಿನ ಕೆಳಗೆ ಆಟದ ಮನೆಗಳನ್ನು ಕಟ್ಟಿದರು. ಎಳೆಯ ಮಕ್ಕಳಿಗೂ ತರಬೇತಿ ಪಡೆದ ಶಿಕ್ಷಕರನ್ನೇ ನೇಮಿಸಿದರು. ರಾಜಧಾನಿಯ ನಗರಾಡಳಿತವು ಮಕ್ಕಳ ಆಟಪಾಟಗಳ ಶುಲ್ಕಕ್ಕೆ ನೆರವಾಯಿತು. ಪದಕಗಳಿಗಿಂತ ಹಿರಿದಾದ ಲಾಭವೊಂದು ಅವರಿಗೆ ಉಂಟಾಯಿತು. ೧೯೯೮ರಲ್ಲಿ ಅಲ್ಲಿಯ ಹದಿನೈದು ಹದಿನಾರು ವರ್ಷದ ಮಕ್ಕಳಲ್ಲಿ ನೂರಕ್ಕೆ ೪೨ ಮಂದಿ, ವಿಚಾರಿಸಿದ ತಿಂಗಳಲ್ಲಿ ಕುಡಿದು ಅಮಲೇರಿದ್ದವರು. ೨೦೧೬ರ ವೇಳೆಗೆ ಆ ಸಂಖ್ಯೆಯು ೫ಕ್ಕೆ ಇಳಿಯಿತು. ಇದು ಆಟವೊಂದರಿಂದಲೇ ಆದುದಲ್ಲ. ತಂದೆತಾಯಂದಿರು ಸಂಜೆಯ ಹೊತ್ತನ್ನು ಮಕ್ಕಳೊಡನೆ ಕಳೆಯತೊಡಗಿದುದೂ, ಮಕ್ಕಳು ತಡರಾತ್ರಿ ಹೊರಗೆ ತಿರುಗದಂತೆ ನೋಡಿಕೊಂಡುದೂ ಕಾರಣಗಳು. ಆದರೂ ಬಿಡುವಿನ ಹೊತ್ತಿಗೆ ಒಳ್ಳೆಯ ಕೆಲಸವನ್ನು ಒದಗಿಸಿದಲ್ಲಿ ಕೆಟ್ಟ ಚಟಕ್ಕೆ ಎಡೆ ಕಡಮೆಯಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

೬. ನಮ್ಮ ಮಲೆಗಳ ಮಾತು

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮಲ್ಲಿ ಶಕ್ತಿಯಿಲ್ಲವೆಂಬ ಮಾತು ಸುಳ್ಳು. ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿಯವರು ೨೦೧೭ರಲ್ಲಿ ಲಾರ್ಡ್ಸ್ ಬಯಲಿನಲ್ಲಿ ನಡೆದ ಸ್ತ್ರೀಯರ ಕ್ರಿಕೆಟ್ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಭಾರತದ ಪರವಾಗಿ ಆಡಿದರು. ಶಾಲೆಗೆ ಬರಲು ತೋಟದ ಏರುದಾರಿಗಳಲ್ಲಿ ನಿತ್ಯವೂ ಮೈಲಿಗಟ್ಟಲೆ ನಡೆಯುವ ಹುಡುಗಿಯರ ಕಾಲಿನ ಬಲಕ್ಕೆ ಬೇರೆ ಪರೀಕ್ಷೆ ಬೇಡ. ಮಳೆಗಾಲದ ಕೆಸರುಗದ್ದೆಯ ಓಟದಲ್ಲಿ ನಮ್ಮ ಹೆಂಗಸರು ನಗುತ್ತ ಬಿದ್ದು ಏಳುವುದನ್ನು ನಾವೆಲ್ಲರೂ ನೋಡಿರುವೆವು.

ಹಾಗಾದರೆ ಕೊರತೆ ಏನು? ತಂದೆತಾಯಂದಿರು ಸಾಮಾನ್ಯವಾಗಿ ನಾಲ್ಕು ಆಕ್ಷೇಪಗಳನ್ನು ಹೇಳುವರು. ‘ಮಳೆ’ ಎನ್ನುವರು. ಚಾರ್ಮಾಡಿಯ ನೆತ್ತಿಯ ಮೇಲಿರುವ ಕೊಟ್ಟಿಗೆಹಾರದ ಮಳೆಯು ಸುಳ್ಳಲ್ಲ. ಆದರೆ ಹಿಮದ ನಾಡಿನವರು ಮಾಡನ್ನು ಹಾಕಿ ಆಡಿದರು, ಕೊಡಗಿನವರು ಬೇಸಗೆಯನ್ನು ಆರಿಸಿಕೊಂಡು ಆಡಿದರು. ‘ದೂರ’ ಎನ್ನುವರು. ಶಾಲೆ ಬಿಟ್ಟೊಡನೆ ಹೊರಡುವ ಬಸ್ಸು ತಪ್ಪಿದರೆ ಮಗಳು ಕತ್ತಲೆಯಲ್ಲಿ ತೋಟದ ದಾರಿಯನ್ನು ನಡೆಯಬೇಕಾಗುವುದು. ಕಾಡಾನೆಯ ಭಯವೂ ಉಂಟು. ಇದು ಅತ್ಯಂತ ನ್ಯಾಯವಾದ ಆಕ್ಷೇಪ. ಆದುದರಿಂದಲೇ ಆಟದ ಗಂಟೆಯು ಸಂಜೆಯ ಬಳಿಕವಲ್ಲ, ಪಾಠದ ವೇಳೆಯೊಳಗೇ ಇರತಕ್ಕದ್ದು. ಪರೀಕ್ಷೆಯು ಸಮೀಪಿಸಿತೆಂದು ಅದನ್ನು ಕಿತ್ತುಕೊಳ್ಳತಕ್ಕದ್ದಲ್ಲ. ‘ಅಂಕ’ ಎನ್ನುವರು. ವಾರದಲ್ಲಿ ಮೂರು ಗಂಟೆ ಓಡಿದ ಹುಡುಗಿಯು ಪುಸ್ತಕದ ಮುಂದೆ ತೂಕಡಿಸುವುದಕ್ಕಿಂತ, ಓಡದವಳು ತೂಕಡಿಸುವುದನ್ನೇ ನಾವು ಹೆಚ್ಚಾಗಿ ಕಂಡಿರುವೆವು. ಕೊನೆಗೆ, ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿರುವುದು ‘ನೋಡಿದವರು ಏನೆಂದಾರು’ ಎಂಬುದು. ಇದಕ್ಕೆ ನಾಪೋಕ್ಲುವಿನ ಬಯಲಿನಲ್ಲಿ ಮೊಮ್ಮಗಳಿಗಾಗಿ ಕೂಗುವ ಅಜ್ಜಿಯೇ ಉತ್ತರ. ನೋಡುವವರು ನಾವೇ ಆದರೆ ಅನ್ನುವವರೂ ನಾವೇ ಅಲ್ಲವೆ?

ಕೊಡಗನ್ನು ಹಾಗೆಯೇ ನಕಲು ಮಾಡಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿಯ ತಂಡಗಳು ಮನೆತನಗಳಿಂದಾದುವು. ನಮ್ಮ ಮಲೆಗಳಲ್ಲಿಯೋ ತೋಟದ ಒಡೆಯರ ಮಕ್ಕಳು, ಅಂಗಡಿಯವರ ಮಕ್ಕಳು, ದೂರದ ಸೀಮೆಯಿಂದ ಕೂಲಿಗೆ ಬಂದು ತೋಟದ ಲೈನುಗಳಲ್ಲಿ ವಾಸಿಸುವವರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದುವರು. ನಮಗೆ ಒಕ್ಕವಾಗಬಲ್ಲುದು ಶಾಲೆಯೇ. ಲೈನಿನ ಹುಡುಗಿಯು ಚೆಂಡನ್ನು ಕೊಟ್ಟಾಗ ಬಂಗಲೆಯ ಹುಡುಗಿಯು ಗುರಿ ಮುಟ್ಟಿಸುವಂತಾದರೆ, ಪದಕವು ಬಂದರೂ ಬಾರದಿದ್ದರೂ ಆ ಆಟವು ಸಾರ್ಥಕವೇ ಸರಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯು ಸಣ್ಣದು. ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ಬರುವ ಬೇಸಗೆಯಲ್ಲಿ, ಕೊಯ್ಲು ಮುಗಿದ ಮೇಲೆ, ಒಂದು ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಮ್ಮ ಹೆಣ್ಣುಮಕ್ಕಳೆದುರು ಥ್ರೋಬಾಲನ್ನೋ ಖೋಖೋವನ್ನೋ ಆಡಿ ನೋಡಿರಿ. ನೀವು ಸೋಲುವುದು ಖಂಡಿತ. ಆದರೆ ತಾಯಿಯು ಆಡಿದುದನ್ನು ಕಣ್ಣಾರೆ ಕಂಡ ಮಗಳು ಒಂಬತ್ತನೆಯ ತರಗತಿಯಲ್ಲಿ ಬಯಲಿನ ಅಂಚಿನಲ್ಲಿ ನಿಲ್ಲಲಾರಳು.