ಅರ್ಧಕ್ಕೇ ನಿಲ್ಲಿಸಬೇಡ, ಮಗೂ

ಪ್ರೀತಿಯ ಮಗೂ,

‘ರೋಮ್, ಓಪನ್ ಸಿಟಿ’ ಸಿನಿಮಾವನ್ನು ಅರ್ಧಕ್ಕೇ ನಿಲ್ಲಿಸಿದೆ ಎಂದು ಮೆಸೇಜ್ ಮಾಡಿದ್ದೀಯ. “ಪೀನಾ ಸತ್ತ ಮೇಲೆ ನೋಡೋಕೆ ಇನ್ನೇನಿದೆ ದೊಡ್ಡಪ್ಪಾ?” ಎಂದು ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ಪ್ರಶ್ನೆಯಲ್ಲ ಅದು. ಅದಕ್ಕೇ ಈ ಕಾಗದ.

ಪೀನಾ ಸಾಯುವ ರೀತಿ ನಿನಗೆ ಅನ್ಯಾಯ ಅನ್ನಿಸಿದ್ದು ಸಹಜ. ಅವತ್ತು ಅವಳ ಮದುವೆ, ಹೊಟ್ಟೆಯಲ್ಲಿ ಕೂಸು. ಜರ್ಮನ್ ಸೈನಿಕರು ವಠಾರಕ್ಕೆ ಮುತ್ತಿಗೆ ಹಾಕಿ ಗಂಡಸರನ್ನೆಲ್ಲ ಲಾರಿಗೆ ತುಂಬುತ್ತಾರೆ, ಮದುವಣಿಗ ಫ್ರಾಂಚೆಸ್ಕೊನೂ ಸೇರಿ. ಅವಳು ಹಿಡಿದವರ ಕೈ ಕೊಸರಿಕೊಂಡು ಅವನ ಹೆಸರು ಕೂಗುತ್ತ ಲಾರಿಯ ಹಿಂದೆ ಓಡುತ್ತಾಳೆ. ಗುಂಡಿನ ಸದ್ದು. ನಡುರಸ್ತೆಯಲ್ಲಿ ಬೀಳುತ್ತಾಳೆ. ಒಂದು ಕೊನೆಯ ಮಾತಿಗೂ ಅವಕಾಶವಿಲ್ಲ. ಪುಟ್ಟ ಮಗ ಓಡಿಬಂದು ಅವಳ ಮೇಲೆ ಬೀಳುತ್ತಾನೆ, ಪಾದ್ರಿ ದೋನ್ ಪಿಯೆತ್ರೊ ಬಂದು ಅವಳನ್ನು ತೋಳಿಗೆ ತೆಗೆದುಕೊಳ್ಳುತ್ತಾರೆ. ಅನ್ನಾ ಮನ್ಯಾನಿಯಂಥ ನಟಿಯನ್ನು ಸಿನಿಮಾದ ನಡುವಿನಲ್ಲೇ ಕಳೆದುಕೊಳ್ಳುವ ಧೈರ್ಯ ಎಷ್ಟು ನಿರ್ದೇಶಕರಿಗಿದ್ದೀತು ಹೇಳು?

ಆದರೆ ಅದು ನಿರ್ದೇಶಕ ರೊಸ್ಸೆಲ್ಲಿನಿಯ ಕಲ್ಪನೆ ಮಾತ್ರ ಅಲ್ಲ. 1944ರ ಮಾರ್ಚ್ 3ರಂದು ರೋಮಿನಲ್ಲಿ ತೆರೇಸಾ ಗುಲ್ಲಾಚೆ ಎಂಬ ತಾಯಿ, ಜರ್ಮನರು ಹಿಡಿದೊಯ್ದಿದ್ದ ಗಂಡನನ್ನು ನೋಡಲು ಸೈನ್ಯದ ಬ್ಯಾರಕ್ಕಿನ ಮುಂದೆ ಹೋಗಿದ್ದಳು. ಐದು ಮಕ್ಕಳ ತಾಯಿ, ಆಗ ಮತ್ತೆ ಬಸುರಿ. ಹತ್ತಿರ ಹೋಗಲು ಹೊರಟವಳನ್ನು ಗುಂಡಿಟ್ಟು ಕೊಂದರು. ಪೀನಾ ಹುಟ್ಟಿದ್ದು ಅವಳಿಂದ. ಪಾದ್ರಿಯ ಹಿಂದೆಯೂ ಇಬ್ಬರಿದ್ದಾರೆ. ತಲೆಮರೆಸಿಕೊಂಡವರಿಗೆ ಸುಳ್ಳು ಗುರುತುಪತ್ರ ಮಾಡಿಕೊಡುತ್ತಿದ್ದ ಪಾದ್ರಿ ಪಿಯೆತ್ರೊ ಪಪ್ಪಗಾಲ್ಲೊ ಅವರನ್ನು ಅದೇ ಮಾರ್ಚ್ 24ರಂದು ಅರ್ದೆಯಾತಿನೆ ಗುಹೆಗಳಲ್ಲಿ 334 ಜನರೊಂದಿಗೆ ಕೊಂದರು. ಪ್ರತಿರೋಧದವರಿಗೆ ನೆರವಾದ ಜುಸೆಪ್ಪೆ ಮೊರೊಸಿನಿ ಅವರನ್ನು ಏಪ್ರಿಲ್ 3ರಂದು ಗುಂಡಿಕ್ಕಿ ಕೊಂದರು.

ಇಟಲಿ 1943ರ ಸೆಪ್ಟೆಂಬರಿನಲ್ಲಿ ಮಿತ್ರರಾಷ್ಟ್ರಗಳಿಗೆ ಶರಣಾದೊಡನೆ ಜರ್ಮನರು ರೋಮನ್ನು ವಶಪಡಿಸಿಕೊಂಡರು. ಯುದ್ಧ ಬೇಡವೆಂದು ‘ಮುಕ್ತ ನಗರ’ ಎಂದು ಘೋಷಿಸಿಕೊಂಡಿದ್ದ ಊರಿನಲ್ಲಿ ಒಂಬತ್ತು ತಿಂಗಳು ಹಸಿವು, ದಾಳಿ, ಚಿತ್ರಹಿಂಸೆ. ಬಿಡುಗಡೆಯಾದದ್ದು 1944ರ ಜೂನ್ 4ಕ್ಕೆ. ಚಿತ್ರೀಕರಣ ಶುರುವಾದದ್ದು 1945ರ ಜನವರಿಯಲ್ಲಿ! ಆಗ ಇಟಲಿಯ ಉತ್ತರ ಭಾಗದಲ್ಲಿ ಜರ್ಮನರು ಇನ್ನೂ ಇದ್ದರು. ಚಿನೆಚಿತ್ತಾ ಸ್ಟುಡಿಯೊದಲ್ಲಿ ನಿರಾಶ್ರಿತರು ತುಂಬಿದ್ದರು. ದುಡ್ಡು ಸಾಲದೆ ದೃಶ್ಯಗಳನ್ನು ಮೂಕವಾಗಿ ಚಿತ್ರೀಕರಿಸಿ, ಮಾತನ್ನು ಆಮೇಲೆ ಸೇರಿಸಿದರು. ಪೀನಾ ಓಡಿದ್ದು ಸೆಟ್ಟಿನಲ್ಲಲ್ಲ, ವಿಯಾ ಮೊಂತೆಕೂಕ್ಕೊಲಿ ಎಂಬ ನಿಜವಾದ ಬೀದಿಯಲ್ಲಿ. ಗಾಯ ಮಾಯುವ ಮೊದಲೇ ತೆಗೆದ ಸಿನಿಮಾ ಇದು. ಅದರ ಅವಸರ ಪ್ರತಿ ದೃಶ್ಯದಲ್ಲೂ ಕಾಣುತ್ತದೆ.

ಈಗ ನೀನು ನೋಡದೆ ಬಿಟ್ಟ ಅರ್ಧಕ್ಕೆ ಬರುತ್ತೇನೆ. ಗೆಸ್ಟಾಪೊ ಅಧಿಕಾರಿ ಬರ್ಗ್‌ಮನ್‌ನ ಕೋಣೆಯನ್ನು ಗಮನವಿಟ್ಟು ನೋಡು. ಒಂದು ಬಾಗಿಲು ತೆರೆದರೆ ಚಿತ್ರಹಿಂಸೆಯ ಕೋಣೆ. ಇನ್ನೊಂದು ತೆರೆದರೆ ಪಿಯಾನೊ, ಮದ್ಯ, ಇಸ್ಪೀಟು, ನಗು. ಅವನು ಎರಡರ ನಡುವೆ ಓಡಾಡುತ್ತಾನೆ. ಕ್ರೌರ್ಯವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೋಣೆಯನ್ನು ನಾನು ಬೇರೆ ಯಾವ ಸಿನಿಮಾದಲ್ಲೂ ನೋಡಿಲ್ಲ.

ಆ ಕೋಣೆಯಲ್ಲಿ ಅವರಿಗೆ ಬೇಕಾದದ್ದು ಹೆಸರುಗಳು, ಅಷ್ಟೇ. ಕಮ್ಯುನಿಸ್ಟ್ ನಾಯಕ ಮನ್‌ಫ್ರೇದಿಯನ್ನು ಬೆಂಕಿಯಿಂದ ಸುಡುತ್ತಾರೆ. ಅವನು ಬಾಯಿ ಬಿಡದೆ ಸಾಯುತ್ತಾನೆ. ದೇವರನ್ನೇ ನಂಬದವನು ನಿಮ್ಮ ಶತ್ರುವಲ್ಲವೇ ಎಂದು ಪಾದ್ರಿಯನ್ನು ಕೆಣಕುತ್ತಾರೆ. ನ್ಯಾಯಕ್ಕಾಗಿ, ಸ್ವಾತಂತ್ರ್ಯಕ್ಕಾಗಿ ಹೋರಾಡುವವನು ದೇವರ ದಾರಿಯಲ್ಲೇ ನಡೆಯುತ್ತಾನೆ ಎಂಬ ಅರ್ಥದ ಉತ್ತರ ಕೊಟ್ಟು ಅವರೂ ಸುಮ್ಮನಾಗುತ್ತಾರೆ. ಈ ಸಿನಿಮಾದ ಸಾಹಸವೆಂದರೆ ಹೇಳದೆ ಇರುವುದು, ಮಗೂ. ಬಂದೂಕು ಹಿಡಿಯಲು ಬಾರದವರು, ಕಸುವಿಲ್ಲದವರು ಕೂಡ ಮಾಡಬಹುದಾದ ಸಾಹಸ ಅದು. ಪೀನಾ ತನ್ನ ವಠಾರದಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಬಾಗಿಲು ತಟ್ಟಿದ ಅಪರಿಚಿತನನ್ನು ಒಳಗೆ ಕರೆದಳು, ಯಾರಿಗೂ ಹೇಳಲಿಲ್ಲ.

ಹೇಳಿಬಿಡುವವಳೂ ಒಬ್ಬಳಿದ್ದಾಳೆ, ಮರೀನಾ. ಮನ್‌ಫ್ರೇದಿಯ ಹಳೆಯ ಪ್ರೇಯಸಿ. ಅವಳನ್ನು ರಾಕ್ಷಸಿ ಅನ್ನಲಾಗದು. ಬಡತನ ಕಂಡವಳು, ಮತ್ತೆ ಅಲ್ಲಿಗೆ ಹೋಗಲಾರೆ ಎಂಬ ಭಯ. ಮಾದಕದ್ರವ್ಯದ ಗೀಳು ಬೇರೆ. ಬೈದು ಬುದ್ಧಿ ಹೇಳಿದ ಪ್ರಿಯಕರನ ಮೇಲೆ ಮುನಿಸು. ಒಂದು ಫೋನ್ ಮಾಡುತ್ತಾಳೆ, ಒಂದು ತುಪ್ಪಳದ ಕೋಟು ಸಿಗುತ್ತದೆ. ಅವನ ಹೆಣ ಕಂಡು ಮೂರ್ಛೆ ಹೋದವಳ ಮೈಮೇಲಿಂದ ಆ ಕೋಟನ್ನು, ಕೊಟ್ಟವಳೇ ಆದ ಬರ್ಗ್‌ಮನ್‌ನ ಸಹಾಯಕಿ ಇಂಗ್ರಿಡ್ ವಾಪಸು ಎತ್ತಿಕೊಂಡು ಹೋಗುತ್ತಾಳೆ. ಈ ದೃಶ್ಯವನ್ನು ಇಪ್ಪತ್ತರ ವಯಸ್ಸಿನಲ್ಲೇ ನೀನು ನೋಡಬೇಕು ಅನ್ನುವುದು ನನ್ನ ಆಸೆ. ಮುಂದೆ ನಿನಗೂ ಬಗೆಬಗೆಯ ಕೋಟುಗಳನ್ನು ತೋರಿಸುವವರು ಬರುತ್ತಾರೆ.

ಹಾರ್ಟ್‌ಮನ್ ಎಂಬ ಜರ್ಮನ್ ಅಧಿಕಾರಿ ಇದ್ದಾನೆ. ಕುಡಿದ ಅಮಲಿನಲ್ಲಿ, ನಾವು ಎಲ್ಲೆಡೆ ದ್ವೇಷ ಬಿತ್ತಿದ್ದೇವೆ ಎಂದು ಸತ್ಯವನ್ನೇ ನುಡಿಯುತ್ತಾನೆ. ಮರುದಿನ ಬೆಳಿಗ್ಗೆ ಇಟಲಿಯ ಸೈನಿಕರು ಪಾದ್ರಿಗೆ ತಾಗದಂತೆ ಗುಂಡು ಹಾರಿಸಿದಾಗ, ಮುಂದೆ ಬಂದು ಪಿಸ್ತೂಲಿನಿಂದ ಕೊಲ್ಲುವವನು ಇವನೇ. ಸತ್ಯ ತಿಳಿದಿರುವುದು ಬೇರೆ, ಅದರಂತೆ ನಡೆಯುವುದು ಬೇರೆ ಎಂಬುದು ಇವನನ್ನು ನೋಡಿದಾಗಲೆಲ್ಲ ನನಗೆ ಭಯ ಹುಟ್ಟಿಸುತ್ತದೆ.

ಸಿನಿಮಾದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಬರ್ಗ್‌ಮನ್ ಮತ್ತು ಇಂಗ್ರಿಡ್‌ರ ದುಷ್ಟತನಕ್ಕೆ ಸಲಿಂಗ ಒಲವಿನ ಬಣ್ಣ ಬಳಿದದ್ದು ತಪ್ಪು. ಇಂದು ಅದನ್ನು ತಪ್ಪೆಂದೇ ಹೇಳಬೇಕು. ಇಪ್ಪತ್ತು ವರ್ಷಕ್ಕೂ ಮೀರಿ ಮುಸೊಲಿನಿಯನ್ನು ಸಹಿಸಿದ ಇಟಲಿಯವರ ಪಾಲಿನ ಹೊಣೆಯೂ ಇಲ್ಲಿ ತೆಳುವಾಗಿದೆ. ರೊಸ್ಸೆಲ್ಲಿನಿಯೇ ಆ ಆಡಳಿತದ ಅಡಿಯಲ್ಲಿ ಯುದ್ಧದ ಮೂರು ಸಿನಿಮಾ ಮಾಡಿದ್ದವರು. ಕ್ರಿಸ್ತ ನಮ್ಮನ್ನು ನೋಡುತ್ತಿಲ್ಲವೇ ಎಂದು ಪೀನಾ ಕೇಳಿದಾಗ, ಈ ಕಷ್ಟಕ್ಕೆ ನಾವು ಅರ್ಹರಲ್ಲವೆಂದು ನಿಜಕ್ಕೂ ಹೇಳಬಲ್ಲೆವೇ ಎಂದು ಪಾದ್ರಿ ತಿರುಗಿ ಕೇಳುವುದೊಂದೇ ಆ ಹೊಣೆಯ ಪ್ರಶ್ನೆಯನ್ನು ಮುಟ್ಟುವ ಜಾಗ. ನೀನು ನೋಡಿದ ಭಾಗದಲ್ಲೇ ಇದೆ, ಇನ್ನೊಮ್ಮೆ ಕೇಳಿಸಿಕೋ.

1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇದನ್ನು ತೋರಿಸಿದ್ದರು. ಈಗ ನಿನ್ನ ಕೈಯಲ್ಲೇ ಇದೆ. ಆದರೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಬೇಡ. ಪಾದ್ರಿಗೆ ಗುಂಡಿಕ್ಕುವಾಗ ಬೇಲಿಯ ಆಚೆ ನಿಂತ ಹುಡುಗರು ಶಿಳ್ಳೆ ಹಾಕುತ್ತಾರೆ, ತಾವು ಬಂದಿದ್ದೇವೆಂದು ಅವರಿಗೆ ಗೊತ್ತಾಗಲಿ ಅಂತ. ಗದ್ದಲದಲ್ಲಿ ಅದು ಕೇಳಿಸದೆ ಹೋದೀತು.

ಇದು ಮುಗಿದ ಮೇಲೆ 1946ರ ‘ಪೈಸಾ’, ಆಮೇಲೆ 1948ರ ‘ಜರ್ಮನಿ, ಇಯರ್ ಝೀರೊ’ ನೋಡು, ಇದೇ ಕ್ರಮದಲ್ಲಿ. ಜರ್ಮನರನ್ನು ಇಷ್ಟು ಕಪ್ಪಾಗಿ ಚಿತ್ರಿಸಿದ ರೊಸ್ಸೆಲ್ಲಿನಿ, ಕೆಲವೇ ವರ್ಷಗಳಲ್ಲಿ ಪಾಳುಬಿದ್ದ ಬರ್ಲಿನ್ನಿಗೆ ಕ್ಯಾಮೆರಾ ಒಯ್ದು ಒಬ್ಬ ಜರ್ಮನ್ ಹುಡುಗನ ಹಿಂದೆ ನಡೆದರು. ಯಾಕೆ ಹೋದರೆಂದು ನಿನಗೇನು ಅನ್ನಿಸಿತು, ನನಗೆ ಬರೆ.

ಇಂತಿ ನಿನ್ನ,
ದೊಡ್ಡಪ್ಪ